ಮಿಸ್ ಪ್ಯಾಕ್‌ಮನ್ ಕ್ಯಾಬಿನೆಟ್: ಸದ್ದು ಬರುತ್ತೆ, ಚಿತ್ರ ಇಲ್ಲ

ಜೆರ್ಸಿ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಈಗ ಇರೋದು ನ್ಯೂಜೆರ್ಸಿಯಲ್ಲಿ. ಹೋದ ತಿಂಗಳು ಇಲ್ಲೊಂದು ಪಿಜ್ಜಾ ಅಂಗಡಿ ಮುಚ್ಚಿದಾಗ ಅದರ ಮೂಲೆಯಲ್ಲಿದ್ದ ಮಿಸ್ ಪ್ಯಾಕ್‌ಮನ್ ಆಟದ ಕ್ಯಾಬಿನೆಟ್ ಕೊಂಡುಕೊಂಡೆ. ಮಿಡ್‌ವೇ ಕಂಪನಿಯ 1982ರ ಮಾಡೆಲ್. ಮನೆಗೆ ತಂದು ಎರಡು ವಾರ ಚೆನ್ನಾಗೇ ಆಡಿತು. ಚಿತ್ರ ಸ್ವಲ್ಪ ಮಂಕಾಗಿತ್ತು, ಅಂಚುಗಳು ಸಣ್ಣಗೆ ಅಲೆಯಾಡುತ್ತಿದ್ದವು, ಅಷ್ಟೇ. ಕಳೆದ ಭಾನುವಾರ ಮಗಳು ಆಡ್ತಾ ಇದ್ದಾಗ ಒಳಗೆ ಟಪ್ ಅಂತ ಒಂದು ಸದ್ದಾಗಿ ಪರದೆ ಪೂರ್ತಿ ಕಪ್ಪಾಯಿತು.

ಆಟ ಮಾತ್ರ ನಿಂತಿಲ್ಲ. ಕಾಯಿನ್ ಹಾಕಿದರೆ ಸಂಗೀತ ಬರುತ್ತೆ, ಸ್ಟಿಕ್ ತಿರುಗಿಸಿದರೆ ಚುಕ್ಕಿ ತಿನ್ನೋ ಸದ್ದೂ ಬರುತ್ತೆ. ಒಳಗಿರೋ ಮಾನಿಟರ್ 19 ಇಂಚಿನ ಎಲೆಕ್ಟ್ರೋಹೋಮ್ ಜಿ07. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಸಾಲ್ಡರಿಂಗ್ ಐರನ್ ಇದೆ, ಕಾಲೇಜಿನಲ್ಲಿ ಓದಿದ ಎಲೆಕ್ಟ್ರಾನಿಕ್ಸ್ ಅಷ್ಟಿಷ್ಟು ನೆನಪಿದೆ. ವಿಚಾರಿಸಿದ ಕಡೆಯೆಲ್ಲ ಟ್ಯೂಬ್ ಕಿತ್ತು ಎಲ್‌ಸಿಡಿ ಹಾಕಿಸಿ ಅಂತಾರೆ. ನನಗೆ ಅದು ಬೇಡ. ಆ ಬಣ್ಣ, ಆ ಹೊಳಪು, ಚುಕ್ಕಿಯ ಸುತ್ತ ಹರಡೋ ಆ ಬೆಳಕು ಟ್ಯೂಬಿನಲ್ಲೇ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಹುಬ್ಬಳ್ಳಿ ಟಿವಿ ಅಂಗಡಿ:
ನಮಸ್ಕಾರ್ರಿ. ನಾ ಮೂವತ್ತೈದು ವರ್ಷ ಟಿವಿ ರಿಪೇರಿ ಮಾಡೀನಿ. ಈಗ ಅಂಗಡಿ ಮಗ ನೋಡ್ಕೋತಾನ, ಬರೇ ಮೊಬೈಲ್ ಬರ್ತಾವು. ನಿಮ್ಮ ಆಟದ ಪೆಟಗಿ ನಾ ಬಿಚ್ಚಿ ನೋಡಿಲ್ಲ. ಆದ್ರ ಪಿಕ್ಚರ್ ಟ್ಯೂಬ್ ಯಾವ ಪೆಟಗಿಯೊಳಗಿದ್ರೂ ಅದರ ಕೆಲಸ ಒಂದ ಐತಿ. ನಮ್ಮ ಟಿವಿಯೊಳಗ ಸೆಕೆಂಡಿಗೆ 15,625 ಗೆರಿ, ಅಮೆರಿಕಾದ ಟಿವಿಯೊಳಗ 15,734. ನಿಮ್ಮ ಆಟದ್ದೂ ಅದರ ಆಸುಪಾಸ ಇರತೈತಿ.

ಮೊದಲ ಇಷ್ಟು ಹೇಳ್ರಿ. ಕ್ವಾಣಿ ಕತ್ತಲ ಮಾಡಿ, ಹಿಂದಿನ ಬಾಗಲಾ ತಗದು, ದೂರ ನಿಂತು ಟ್ಯೂಬಿನ ಕುತಗಿ ನೋಡ್ರಿ. ಒಳಗ ಕೆಂಪಗ ಹೀಟರ್ ಹತ್ತೈತೇನು? ಹಚ್ಚಿದ ಕೂಡಲೆ ಸಣ್ಣಗ ಕೀಂ ಅನ್ನೋ ದನಿ ಬರತೈತೇನು? ಮಾನಿಟರ್ ಬೋರ್ಡಿನ ಮ್ಯಾಲಿನ ಫ್ಯೂಸ್ ಹೆಂಗದಾವು? ಇದನ್ನ ಹೇಳೂತನಕ ಯಾವ ಸಾಮಾನೂ ಬದಲಿ ಮಾಡಬ್ಯಾಡ್ರಿ.

ಸಾಲ್ಡರ್ ಹೊಗೆ:
ನಾನು ಸ್ಯಾನ್ ಹೋಸೆಯಲ್ಲಿರೋದು. ಮನೆಯಲ್ಲಿ ಇಂಥ ಕ್ಯಾಬಿನೆಟ್ ನಾಲ್ಕಿವೆ, ಅದರಲ್ಲಿ ಎರಡರಲ್ಲಿ ಜಿ07 ಇದೆ. ಅಂಗಡಿಯವರು ಕೇಳಿದ ಪ್ರಶ್ನೆಗಳು ಸರಿಯಾಗಿವೆ. ಅದಕ್ಕೂ ಮುಂಚೆ ಜೀವ ಉಳಿಸಿಕೊಳ್ಳೋ ಮಾತು ಹೇಳಿಬಿಡ್ತೀನಿ, ಯಾಕಂದ್ರೆ ನೀವು ಮೊದಲ ಸಲ ಕೈ ಹಾಕ್ತಿದ್ದೀರಿ.

ಟ್ಯೂಬಿನ ಮೇಲೆ ರಬ್ಬರ್ ಬಟ್ಟಲಿನ ಹಾಗೆ ಕೂತಿದೆಯಲ್ಲ, ಅದರಡಿ ಆನೋಡ್ ಇದೆ. ನಡೆಯೋವಾಗ ಅಲ್ಲಿ 20,000 ವೋಲ್ಟಿಗೂ ಹೆಚ್ಚು. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಟ್ಯೂಬ್ ಆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತೆ. ಉದ್ದದ ಚಪ್ಪಟೆ ಸ್ಕ್ರೂಡ್ರೈವರ್ ತಗೊಳ್ಳಿ, ಅದರ ಲೋಹಕ್ಕೆ ಮೊಸಳೆ ಕ್ಲಿಪ್ಪಿನ ವೈರ್ ಕಟ್ಟಿ. ಇನ್ನೊಂದು ತುದಿಯನ್ನು ಮಾನಿಟರಿನ ಲೋಹದ ಚೌಕಟ್ಟಿಗೆ ಹಾಕಿ. ಆಮೇಲೆ ಒಂದೇ ಕೈಯಲ್ಲಿ ಸ್ಕ್ರೂಡ್ರೈವರನ್ನು ರಬ್ಬರ್ ಅಡಿಗೆ ನಿಧಾನ ತೂರಿಸಿ ಒಳಗಿನ ಲೋಹ ಮುಟ್ಟಿಸಿ. ಚಟ್ ಅಂದರೂ ಅನ್ನಬಹುದು, ಅನ್ನದೆಯೂ ಇರಬಹುದು. ಐದು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡಿ. ಇನ್ನೊಂದು ಕೈ ಪ್ಯಾಂಟ್ ಜೇಬಲ್ಲಿರಲಿ. ಉಂಗುರ, ವಾಚು ತೆಗೆದಿಡಿ. ಮನೆಯಲ್ಲಿ ಇನ್ನೊಬ್ಬರು ಎಚ್ಚರ ಇರೋವಾಗಲೇ ಕೆಲಸ ಮಾಡಿ.

ಬೋರ್ಡಿನ ಮೇಲಿರೋ ದೊಡ್ಡ ಫಿಲ್ಟರ್ ಕೆಪಾಸಿಟರ್ ಇನ್ನೊಂದು ಅಪಾಯ. 150 ವೋಲ್ಟ್ ಆಸುಪಾಸು ಡಿಸಿ ಅದರಲ್ಲಿ ಉಳಿದಿರುತ್ತೆ. ಟ್ಯೂಬಿಗೆ ಹೆದರಿದ ಜನ ಇದನ್ನು ಮರೀತಾರೆ. ಮುಟ್ಟೋ ಮೊದಲು ಮೀಟರಲ್ಲಿ ಅಳೆದು, ವೋಲ್ಟೇಜ್ ಇದ್ದರೆ ಹೋಲ್ಡರ್ ಸಮೇತ ಒಂದು ಫಿಲಮೆಂಟ್ ಬಲ್ಬನ್ನು ಅಡ್ಡ ಹಿಡಿದು ಇಳಿಸಿ. ಕುತ್ತಿಗೆ ಗಾಜಿನ ಹತ್ತಿರ ಮೊಣಕೈ ತಾಗದ ಹಾಗೆ ನೋಡಿಕೊಳ್ಳಿ. ಅದು ಚೂರು ಬಿರುಕು ಬಿಟ್ಟರೂ ಒಳಗೆ ಗಾಳಿ ನುಗ್ಗಿ ಟ್ಯೂಬ್ ಅಲ್ಲಿಗೇ ಸತ್ತುಹೋಗುತ್ತೆ.

ಜೆರ್ಸಿ ಕನ್ನಡಿಗ:
ಇಬ್ಬರಿಗೂ ತುಂಬಾ ಧನ್ಯವಾದ. ಹೀಟರ್ ಹತ್ತಿಲ್ಲ, ಪೂರ್ತಿ ಕತ್ತಲೆ. ಕೀಂ ದನಿಯೂ ಇಲ್ಲ. ಫ್ಯೂಸ್ ತೆಗೆದು ನೋಡಿದರೆ ಒಂದರ ಗಾಜು ಒಳಗಡೆ ಕಪ್ಪು ಹಿಡಿದಿದೆ. ಅದೇ ಅಳತೆಯ ಹೊಸದು ಹಾಕಿ ಸ್ವಿಚ್ ಹಾಕಿದೆ, ಕ್ಷಣದಲ್ಲಿ ಅದೂ ಹೋಯಿತು.

ಆಟದ ಹುಚ್ಚ:
ಅಂಗಡಿಯಿಂದ ಒಂದು ಸೈಜ್ ದೊಡ್ಡ ಫ್ಯೂಸ್ ತಂದು ಹಾಕಿ ನೋಡಿ. ಹಳೇ ಸೆಟ್‌ಗಳು ಶುರುವಾಗೋವಾಗ ಜಾಸ್ತಿ ಕರೆಂಟ್ ಎಳೀತವೆ.

ಹುಬ್ಬಳ್ಳಿ ಟಿವಿ ಅಂಗಡಿ:
ದಯಮಾಡಿ ಹಂಗ ಮಾಡಬ್ಯಾಡ್ರಿ. ಫ್ಯೂಸ್ ಕಪ್ಪಗಾಗಿ ಹಾರೇತಿ ಅಂದ್ರ ಒಳಗ ಪೂರಾ ಶಾರ್ಟ್ ಐತಿ. ದೊಡ್ಡ ಫ್ಯೂಸ್ ಹಾಕಿದ್ರ ಫ್ಯೂಸ್ ಉಳೀತೈತಿ, ಅದರ ಬದಲಿ ಬೋರ್ಡಿನ ಟ್ರ್ಯಾಕ್, ರೆಕ್ಟಿಫೈಯರ್, ಟ್ರಾನ್ಸ್‌ಫಾರ್ಮರ್ ಸುಡತಾವು. ಮರದ ಪೆಟಗಿ ಅದು. ಮನ್ಯಾಗ ಸಣ್ಣ ಹುಡಿಗಿ ಅದಾಳ.

ಜೆರ್ಸಿಯವರ, ಒಂದು ಸೀರೀಸ್ ಬಲ್ಬ್ ಮಾಡ್ಕೋರಿ. ನಮ್ಮ ಕಡೆ ಟಿವಿ ಅಂಗಡಿ ಅಂದ್ರ ಟೇಬಲ್ ಮ್ಯಾಲೆ ಸೀರೀಸ್ ಬೋರ್ಡ್ ಇರಾಕಬೇಕು. ಮಾನಿಟರಿಗೆ ಹೋಗೋ ಒಂದು ವೈರನ್ಯಾಗ ಹಳೇ ಫಿಲಮೆಂಟ್ ಬಲ್ಬ್ ಹಾಕೋದು, ನಿಮ್ಮ 120 ವೋಲ್ಟಿಂದು 100 ವ್ಯಾಟ್. ಎಲ್‌ಇಡಿ ಬಲ್ಬ್ ನಡೆಯಂಗಿಲ್ಲ. ಒಳಗ ಶಾರ್ಟ್ ಇದ್ರ ಬಲ್ಬ್ ಪೂರಾ ಬೆಳಕ ಕೊಡತೈತಿ, ಸೆಟ್ಟಿಗೆ ಏನೂ ಆಗಂಗಿಲ್ಲ. ಶಾರ್ಟ್ ಇಲ್ಲ ಅಂದ್ರ ಒಮ್ಮೆ ಭಗ್ ಅಂತ ಹತ್ತಿ ಮಂದ ಆಗತೈತಿ. ಈ ಬಲ್ಬ್ ಹಾಕ್ಕೊಂಡ ಮ್ಯಾಲೆ ಫ್ಯೂಸ್ ದಂಡ ಆಗೋದು ನಿಲ್ಲತೈತಿ.

ಕರೆಂಟ್ ತಗದು, ಚಾರ್ಜ್ ಇಳಿಸಿ, ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ನೋಡ್ರಿ. ಎಲ್‌ಒಟಿಗೆ ಹೊಂದಿಕೊಂಡು ಇರತೈತಿ, ನಿಮ್ಮ ಕಡೆ ಫ್ಲೈಬ್ಯಾಕ್ ಅಂತೀರಲ್ಲ ಅದ ಎಲ್‌ಒಟಿ. ಕಲೆಕ್ಟರ್ ಮತ್ತ ಎಮಿಟರ್ ನಡುವ ಮೀಟರ್ ಹಿಡೀರಿ. ಒಂದು ಕಡೆಯಿಂದ ಡಯೋಡ್‌ಗತೆ ತೋರಿಸಿದ್ರ ಅಂಜಬ್ಯಾಡ್ರಿ. ಮುಳ್ಳ ತಿರುವಿ ಹಿಡಿದ್ರೂ ಎರಡೂ ಕಡೆ ಸೊನ್ನಿ ಬಂದ್ರ ಅದನ್ನ ಬಿಚ್ಚಿ ಹೊರಗ ಅಳೀರಿ. ಬಿಚ್ಚದ ತೀರ್ಮಾನ ಮಾಡಬ್ಯಾಡ್ರಿ, ಸುತ್ತಲಿನ ಸಾಮಾನು ಸುಳ್ಳ ಹೇಳ್ತಾವು.

ಆಟದ ಹುಚ್ಚ:
ಗೊತ್ತಿರಲಿಲ್ಲ, ಕ್ಷಮಿಸಿ. ಆ ಸಲಹೆ ಯಾರೂ ಪಾಲಿಸಬೇಡಿ.

ಕಡಲತಡಿ:
ಮಧ್ಯದಲ್ಲಿ ಒಂದು ಪ್ರಶ್ನೆ ಉಂಟು. ನಾನು ಮಂಗಳೂರಿನವ. ಅಮೆರಿಕದಿಂದ ವಾಪಸ್ ಬಂದ ನಮ್ಮ ಸಂಬಂಧಿಕರೊಬ್ಬರು ಇಂಥದ್ದೇ ಒಂದು ಮಾನಿಟರ್ ಕೊಟ್ಟಿದ್ದಾರೆ, ಕ್ಯಾಬಿನೆಟ್ ಇಲ್ಲ, ಬರೀ ಮಾನಿಟರ್. ನಮ್ಮ 230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ನೇರವಾಗಿ ಕೊಟ್ಟರೆ ಆಗುತ್ತದಾ?

ಸಾಲ್ಡರ್ ಹೊಗೆ:
ಕಡಲತಡಿಯವರೇ, ಪ್ಲಗ್ ಹಾಕೋ ಮುಂಚೆ ಕೇಳಿದ್ದು ಬಹಳ ಒಳ್ಳೇದಾಯ್ತು. ಜಿ07ನ ಒಳಗೆ ಮೇನ್ಸ್‌ನಿಂದ ಬೇರ್ಪಡಿಸೋ ಟ್ರಾನ್ಸ್‌ಫಾರ್ಮರ್ ಇಲ್ಲ. ಬಂದ ಎಸಿಯನ್ನು ನೇರ ರೆಕ್ಟಿಫೈ ಮಾಡಿ, ಅಂದರೆ ಡಿಸಿ ಮಾಡಿಕೊಳ್ಳುತ್ತೆ. ಬೇರ್ಪಡಿಸೋ ಕೆಲಸವನ್ನು ಕ್ಯಾಬಿನೆಟ್ಟಿನ ತಳದಲ್ಲಿರೋ ಟ್ರಾನ್ಸ್‌ಫಾರ್ಮರಿಗೆ ಬಿಟ್ಟಿದ್ದಾರೆ. ಗೋಡೆಯ ಕರೆಂಟ್ ನೇರ ಕೊಟ್ಟರೆ ಮಾನಿಟರಿನ ಗ್ರೌಂಡೇ ಮೇನ್ಸ್‌ಗೆ ಸೇರಿಹೋಗುತ್ತೆ. ಚೌಕಟ್ಟು ಮುಟ್ಟಿದರೆ ಶಾಕ್. ಆಟದ ಬೋರ್ಡಿನ ಗ್ರೌಂಡ್ ಜೋಡಿಸಿದ ತಕ್ಷಣ ರೆಕ್ಟಿಫೈಯರ್ ಸಿಡಿದು ಬೋರ್ಡೂ ಹೋಗಬಹುದು.

ಅಂಗಡಿಯಲ್ಲಿ ಸಿಗೋ ಸ್ಟೆಪ್‌ಡೌನ್‌ಗಳಲ್ಲಿ ಬಹಳಷ್ಟು ಆಟೋ ಟ್ರಾನ್ಸ್‌ಫಾರ್ಮರ್‌ಗಳು. ಒಂದೇ ಸುತ್ತು, ಮಧ್ಯದಲ್ಲಿ ಒಂದು ಟ್ಯಾಪ್. ವೋಲ್ಟೇಜ್ ಇಳಿಯುತ್ತೆ, ಆದರೆ ಮೇನ್ಸ್‌ನ ಸಂಬಂಧ ಕಡಿಯೋದಿಲ್ಲ. ನಿಮಗೆ ಬೇಕಾದ್ದು ಪ್ರೈಮರಿ ಬೇರೆ, ಸೆಕೆಂಡರಿ ಬೇರೆ ಸುತ್ತಿರೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಪರೀಕ್ಷೆ ಸುಲಭ: ಏನಕ್ಕೂ ಜೋಡಿಸದೆ, ಒಳಗೆ ಹೋಗೋ ಪಿನ್ನಿಗೂ ಹೊರಗೆ ಬರೋ ಪಿನ್ನಿಗೂ ಮಧ್ಯೆ ಓಮ್ಸ್ ಅಳೆಯಿರಿ. ಸಂಪರ್ಕ ತೋರಿಸಿದರೆ ಆಟೋ. ಅದನ್ನು ಪಕ್ಕಕ್ಕಿಡಿ.

ಕಡಲತಡಿ:
ಈಗಷ್ಟೇ ಅಳೆದೆ ಮಾರಾಯ್ರೆ, ಎರಡು ಓಮ್ ತೋರಿಸುತ್ತಾ ಉಂಟು. ಅಂದರೆ ಆಟೋ. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರ ಹತ್ತಿರ ಬೇರೆ ಮಾಡಿಸುತ್ತೇನೆ. ದೊಡ್ಡ ಉಪಕಾರವಾಯಿತು.

ಜೆರ್ಸಿ ಕನ್ನಡಿಗ:
ನಿನ್ನೆ ರಾತ್ರಿ ಬೋರ್ಡ್ ಹೊರಗೆ ತೆಗೆದೆ. ಟ್ರಾನ್ಸಿಸ್ಟರ್ ಬಿಚ್ಚಿ ಅಳೆದರೆ ಎರಡೂ ಕಡೆ ಸೊನ್ನೆ ಓಮ್. ಸತ್ತಿದೆ. ಹೊಸದು ತರಿಸ್ತಿದ್ದೀನಿ, ಬರೋಕೆ ಮೂರು ದಿನ. ಜೊತೆಗೆ ಹೊಸ ಫ್ಲೈಬ್ಯಾಕ್ ಕೂಡ ತರಿಸಿಬಿಡಲಾ? ಬೇರೊಂದು ಕಡೆ ಕೇಳಿದಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು ಅಂದರು.

ಹುಬ್ಬಳ್ಳಿ ಟಿವಿ ಅಂಗಡಿ:
ಸದ್ಯ ಬ್ಯಾಡ. ಟ್ರಾನ್ಸಿಸ್ಟರ್ ತಾನಾಗೇ ಸಾಯೋದು ಕಡಿಮಿ, ಯಾವುದರ ಒಂದು ಅದನ್ನ ಕೊಲ್ಲತೈತಿ. ಎಲ್‌ಒಟಿ ಒಳಗ ಸುತ್ತು ಶಾರ್ಟ್ ಆಗಿರಬಹುದು, ಅದು ಒಂದು ಕಾರಣ. ಅದಕಿಂತ ಹೆಚ್ಚ ನಾ ನೋಡಿದ್ದು ಡ್ರೈ ಸಾಲ್ಡರ್. ಲೈನ್ ಡ್ರೈವರ್ ಟ್ರಾನ್ಸ್‌ಫಾರ್ಮರ್ ಅಂತ ಸಣ್ಣದೊಂದು ಇರತೈತಿ, ಔಟ್‌ಪುಟ್ ಟ್ರಾನ್ಸಿಸ್ಟರಿನ ಬೇಸಿಗೆ ಡ್ರೈವ್ ಕೊಡೋದು ಅದ. ಅದರ ಕಾಲು ಸಡಲಾದ್ರ ಡ್ರೈವ್ ಅರ್ಧಮರ್ಧ ಹೋಗತೈತಿ. ಆವಾಗ ಟ್ರಾನ್ಸಿಸ್ಟರ್ ಪೂರಾ ಆನೂ ಆಗಂಗಿಲ್ಲ, ಪೂರಾ ಆಫೂ ಆಗಂಗಿಲ್ಲ, ನಡುವ ನಿಂತು ಕಾಯತೈತಿ. ಸಾಯೋದು ಹಂಗ.

ಬೋರ್ಡ್ ತಿರುವಿ ಹಾಕಿ, ಭೂತಗನ್ನಡಿ ಹಿಡದು, ಬೆಳಕ ಅಡ್ಡ ಬಿಟ್ಟು ನೋಡ್ರಿ. ಕಾಲಿನ ಸುತ್ತ ಕೂದಲೆಳಿಯಂಥ ಉಂಗುರ ಕಂಡ್ರ ಅದ ಡ್ರೈ ಸಾಲ್ಡರ್. ಭಾರದ ಸಾಮಾನೆಲ್ಲಾ ನೋಡ್ರಿ: ಟ್ರಾನ್ಸ್‌ಫಾರ್ಮರ್, ಎಲ್‌ಒಟಿ, ದೊಡ್ಡ ರೆಸಿಸ್ಟರ್, ಪ್ಲಗ್ ಕೂಡೋ ಪಿನ್. ಬಿಸಿ ಆಗೋದು, ತಣ್ಣಗಾಗೋದು, ನಲವತ್ತು ವರ್ಷ ಹಂಗ ಆದ್ರ ಯಾವ ಸಾಲ್ಡರ್ ತಡೀತೈತಿ? ಮಾಡಿದ ಕಂಪನಿಯವರ ತಪ್ಪಲ್ಲ ಅದು, ವಯಸ್ಸು.

ಸಾಲ್ಡರ್ ಹೊಗೆ:
ಒಂದು ಮಾತು ಸೇರಿಸ್ತೀನಿ. ಈ ಲೋಹದ ಕವಚದ ಟ್ರಾನ್ಸಿಸ್ಟರಿನಲ್ಲಿ ಕವಚವೇ ಕಲೆಕ್ಟರ್. ಅದರಡಿಯ ಅಭ್ರಕದ ತೆಳು ಹಾಳೆ ಕಿತ್ತು ಬಂದಿದ್ದರೆ ಹೊಸದೇ ಹಾಕಿ, ಎರಡೂ ಬದಿಗೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಹಚ್ಚಿ. ಕೂರಿಸಿದ ಮೇಲೆ ಕವಚಕ್ಕೂ ಚೌಕಟ್ಟಿಗೂ ಸಂಪರ್ಕ ಇಲ್ಲ ಅಂತ ಮೀಟರಲ್ಲಿ ಖಾತ್ರಿ ಮಾಡಿಕೊಳ್ಳಿ. ಹಾಳೆ ತೂತಾಗಿದ್ದು ಗೊತ್ತಾಗದೆ ಹೊಸ ಟ್ರಾನ್ಸಿಸ್ಟರ್ ಹಾಕಿ ಮತ್ತೆ ಫ್ಯೂಸ್ ಹಾರಿಸಿದವರನ್ನು ನೋಡಿದ್ದೀನಿ.

ಜೆರ್ಸಿ ಕನ್ನಡಿಗ:
ಸಿಕ್ಕಿತು! ಡ್ರೈವರ್ ಟ್ರಾನ್ಸ್‌ಫಾರ್ಮರಿನ ಎರಡು ಕಾಲುಗಳ ಸುತ್ತ ಸ್ಪಷ್ಟವಾದ ಉಂಗುರ. ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿದರೆ ಕಾಲು ಸಾಲ್ಡರಿನೊಳಗೆ ತಿರುಗುತ್ತೆ. ಅಂಗಡಿಯವರು ಹೇಳಿದ್ದು ಹೇಳಿದ ಹಾಗೇ ಇದೆ, ಹುಬ್ಬಳ್ಳಿಯಲ್ಲಿ ಕೂತು ನನ್ನ ಬೋರ್ಡ್ ನೋಡಿದ ಹಾಗೆ. ಹಳೇ ಸಾಲ್ಡರ್ ಪೂರ್ತಿ ಹೀರಿ ತೆಗೆದು ಹೊಸದು ಹಾಕಿದೆ. ಭಾರದ ಸಾಮಾನಿನ ಕಾಲುಗಳನ್ನೆಲ್ಲ ಹಾಗೇ ಮಾಡ್ತಾ ಬಂದೆ, ಎಲ್‌ಒಟಿಯದ್ದೂ ಆಯಿತು. ರಾತ್ರಿ ಒಂದೂವರೆ ಆಗಿದ್ದರಿಂದ ಪಿನ್‌ಗಳ ಸಾಲು ಉಳೀತು. ಟ್ರಾನ್ಸಿಸ್ಟರ್ ಬಂದ ಮೇಲೆ ಬರೀತೀನಿ.

ಜೆರ್ಸಿ ಕನ್ನಡಿಗ:
ಟ್ರಾನ್ಸಿಸ್ಟರ್ ಬಂತು, ಅಭ್ರಕ ಹೊಸದು ಹಾಕಿ ಕೂರಿಸಿದೆ, ಕವಚದಿಂದ ಚೌಕಟ್ಟಿಗೆ ಸಂಪರ್ಕ ಇಲ್ಲ. ಕ್ಯಾಬಿನೆಟ್ಟಿನ ಟ್ರಾನ್ಸ್‌ಫಾರ್ಮರಿಂದಲೇ ಕರೆಂಟ್, ಮಧ್ಯೆ ಸೀರೀಸ್ ಬಲ್ಬ್. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಜೋರಾಗಿ ಹತ್ತಿ ಮಂದವಾಯಿತು. ಕೀಂ ಅಂತು. ಕುತ್ತಿಗೆಯಲ್ಲಿ ಕೆಂಪು ಬೆಳಕು! ಮಗಳು ನನಗಿಂತ ಮೊದಲು ಆ ಕೀಂ ಕೇಳಿಸಿಕೊಂಡಳು. ಎರಡು ನಿಮಿಷ ನಡೆಸಿ, ಆರಿಸಿ, ಚಾರ್ಜ್ ಇಳಿಸಿ ಟ್ರಾನ್ಸಿಸ್ಟರ್ ಮುಟ್ಟಿದೆ, ಬೆಚ್ಚಗೂ ಇಲ್ಲ.

ಬಲ್ಬ್ ತೆಗೆದು ನೇರ ಕೊಟ್ಟೆ. ಈಗ ಹೊಸ ಸಮಸ್ಯೆ. ಪರದೆ ಮಧ್ಯದಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗೆ ಒಂದೇ ಒಂದು ಬೆಳ್ಳಗಿನ ಗೆರೆ. ಅದರೊಳಗೆ ಬಣ್ಣಗಳು ಓಡಾಡ್ತಿವೆ. ಬೇರೇನೂ ಇಲ್ಲ.

ಆಟದ ಹುಚ್ಚ:
ನೆಟ್ಟಗಿನ ಗೆರೆ ಅಂದರೆ ಚಿತ್ರ ಅಡ್ಡಕ್ಕೆ ಹರಡ್ತಾ ಇಲ್ಲ, ಅಂದರೆ ಹಾರಿಜಾಂಟಲ್ ಭಾಗ ಹೋಗಿದೆ ಅಲ್ವಾ? ಈಗಷ್ಟೇ ರಿಪೇರಿ ಮಾಡಿದ ಭಾಗವೇ. ಟ್ರಾನ್ಸಿಸ್ಟರ್ ಮತ್ತೆ ನೋಡಿ.

ಹುಬ್ಬಳ್ಳಿ ಟಿವಿ ಅಂಗಡಿ:
ಮೊದಲ ಬ್ರೈಟ್‌ನೆಸ್ ಕಡಿಮಿ ಮಾಡ್ರಿ, ಈಗಿಂದೀಗ! ಇಡೀ ಪರದೆಗೆ ಹರಡಬೇಕಾದ ಎಲೆಕ್ಟ್ರಾನ್ ಎಲ್ಲಾ ಒಂದು ಗೆರಿಗೆ ಬೀಳಾಕತ್ತಾವು. ಹಿಂಗ ಬಿಟ್ರ ಗಾಜಿನ ಒಳಗ ಬೆಳಗೋ ಫಾಸ್ಫರ್ ಲೇಪ ಸುಟ್ಟು ಆ ಗೆರಿ ಕಾಯಂ ಉಳೀತೈತಿ. ಎಲ್‌ಒಟಿ ಮ್ಯಾಲಿನ ಸ್ಕ್ರೀನ್ ಕಂಟ್ರೋಲ್ ತಿರುವಿ, ಗೆರಿ ಕಂಡೂ ಕಾಣಧಂಗ ಇಡ್ರಿ.

ಮಾಡಿದಿರಿ? ಈಗ ಒಂದು ಕೇಳ್ತೀನಿ. ಟ್ಯೂಬ್ ಪೆಟಗಿಯೊಳಗ ಹೆಂಗ ಕುಂತೈತಿ? ಟಿವಿಯೊಳಗಿನಂಗ ಅಡ್ಡ ಐತೋ, ಮಗ್ಗಲಾಗಿ ಮಲಗೇತೋ?

ಜೆರ್ಸಿ ಕನ್ನಡಿಗ:
ಕಡಿಮೆ ಮಾಡಿದೆ, ಈಗ ಬೂದಿ ಬಣ್ಣದ ಎಳೆ ಅಷ್ಟೇ. ಟ್ಯೂಬ್ ಮಗ್ಗಲಾಗಿದೆ. ಪರದೆ ಉದ್ದಕ್ಕೆ ನಿಂತಿದೆ, ಅಗಲ ಕಡಿಮೆ, ಎತ್ತರ ಹೆಚ್ಚು.

ಹುಬ್ಬಳ್ಳಿ ಟಿವಿ ಅಂಗಡಿ:
ನಾ ಅದನ್ನ ಅಂದ್ಕೊಂಡಿದ್ದೆ. ನಿಮ್ಮ ತಲಿ ಒಂದು ಮಗ್ಗಲಕ ಬಾಗಿಸಿ ಪರದೆ ನೋಡ್ರಿ. ಗೆರಿ ಅಡ್ಡ ಕಾಣತೈತಿಲ್ಲ? ಟ್ಯೂಬಿನ ಲೆಕ್ಕದಾಗ ಅದು ಅಡ್ಡ ಗೆರಿನ. ಅಡ್ಡಕ್ಕ ಪೂರಾ ಹರಡೇತಿ, ಮ್ಯಾಲೆ ಕೆಳಗ ಹರಡಿಲ್ಲ. ಹೋಗಿದ್ದು ವರ್ಟಿಕಲ್. ನೀವು ಮಾಡಿದ ಲೈನ್ ಭಾಗ, ಅಂದ್ರ ಹಾರಿಜಾಂಟಲ್, ಛಲೋ ಐತಿ, ಅದನ್ನ ಮುಟ್ಟಬ್ಯಾಡ್ರಿ.

ಇನ್ನೊಂದು ಪುರಾವೆ ಕೊಡ್ತೀನಿ. 20,000 ವೋಲ್ಟ್ ಹುಟ್ಟೋದು ಲೈನ್ ಔಟ್‌ಪುಟ್ಟಿನಿಂದನ. ನಿಮ್ಮ ಟ್ಯೂಬಿನ ಹೀಟರ್ ಹತ್ತೋದೂ ಎಲ್‌ಒಟಿಯಿಂದ, ಅದಕ್ಕ ಮೊದಲ ದಿನ ಕುತಗಿ ಕತ್ತಲ ಇತ್ತು. ಲೈನ್ ಭಾಗ ಸತ್ತಿದ್ರ ಗೆರಿ ಬಿಡ್ರಿ, ಒಂದು ಚುಕ್ಕಿನೂ ಕಾಣತಿರಲಿಲ್ಲ. ಬೆಳಕ ಐತಿ ಅಂದ್ರ ಲೈನ್ ಜೀವಂತ ಐತಿ. ಲೈನ್ ನಡದೂ ಅದರ ಕಡೆ ಚಿತ್ರ ಕುಗ್ಗಬೇಕಂದ್ರ ಯೋಕಿನ, ಅಂದ್ರ ಟ್ಯೂಬಿನ ಕುತಗಿ ಮ್ಯಾಲಿನ ಕಾಯಿಲಿನ, ಆ ಸುತ್ತ ಕಡದಿರಬೇಕು, ಇಲ್ಲಾ ಅದರ ದಾರಿ ಕಡದಿರಬೇಕು. ಅದು ಅಪರೂಪ.

ಸಾಲ್ಡರ್ ಹೊಗೆ:
ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಡಬೇಕು. ಪ್ಯಾಕ್‌ಮನ್, ಮಿಸ್ ಪ್ಯಾಕ್‌ಮನ್, ಗ್ಯಾಲಗಾ ಎಲ್ಲದರಲ್ಲೂ ಟ್ಯೂಬ್ ಮಗ್ಗಲಾಗೇ ಕೂತಿರುತ್ತೆ. ಪುಸ್ತಕದಲ್ಲಿ ಬರೆದಿರೋ ಲಕ್ಷಣಗಳನ್ನೆಲ್ಲ 90 ಡಿಗ್ರಿ ತಿರುಗಿಸಿ ಓದಬೇಕು. ನಾನೂ ನನ್ನ ಮೊದಲ ಗ್ಯಾಲಗಾದಲ್ಲಿ ಇದೇ ಗೆರೆ ನೋಡಿ ಎರಡು ವಾರಾಂತ್ಯ ತಪ್ಪು ಭಾಗದಲ್ಲಿ ಹುಡುಕಿದ್ದೆ. ಎತ್ತರದ ಪ್ರಿಸೆಟ್ (ಬೋರ್ಡಿನ ಮೇಲೆ ಹೊಂದಿಸೋ ಸಣ್ಣ ತಿರುಪು) ತಿರುಗಿಸಿದರೆ ಆಟದ ಅಗಲ ಬದಲಾಗುತ್ತೆ, ಅಗಲದ ಕಾಯಿಲ್ ತಿರುಗಿಸಿದರೆ ಆಟದ ಎತ್ತರ. ಆ ಕಾಯಿಲ್ ಒಳಗಿನ ಫೆರೈಟ್ ತಿರುಗಿಸೋಕೆ ಪ್ಲಾಸ್ಟಿಕ್ ಟೂಲೇ ಬಳಸಿ. ಲೋಹದ್ದು ಹಾಕಿ ಒತ್ತಿದರೆ ಫೆರೈಟ್ ಸೀಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ವರ್ಟಿಕಲ್ ಹುಡುಕೋಕೆ ಮೊದಲ ಜಾಗ ಯೋಕಿನ ಪ್ಲಗ್. ಕರೆಂಟ್ ತೆಗೆದು ಪ್ಲಗ್ ಬಿಚ್ಚಿ, ಯೋಕಿನ ವೈರುಗಳ ಕಡೆ ಓಮ್ಸ್ ಅಳೆಯಿರಿ. ಎರಡು ಜೊತೆ ಸಿಗಬೇಕು, ಎರಡರಲ್ಲೂ ಸಂಪರ್ಕ ಇರಬೇಕು. ಆಮೇಲೆ ಬೋರ್ಡಿನಲ್ಲಿ ಆ ಪ್ಲಗ್ ಕೂರೋ ಪಿನ್‌ಗಳ ಸಾಲ್ಡರ್ ನೋಡಿ, ನೀವು ಉಳಿಸಿದ್ದು ಅದನ್ನೇ ಅಲ್ವಾ. ಅಲ್ಲೂ ಸರಿ ಇದ್ದರೆ ಮಾತ್ರ ವರ್ಟಿಕಲ್ ಔಟ್‌ಪುಟ್ ಕಡೆ ಹೋಗೋಣ.

ಜೆರ್ಸಿ ಕನ್ನಡಿಗ:
ತಲೆ ಬಾಗಿಸಿ ನೋಡಿದೆ. ಒಂದು ಕ್ಷಣದಲ್ಲಿ ಎಲ್ಲ ಸ್ಪಷ್ಟವಾಯಿತು.

ಯೋಕಿನ ಎರಡೂ ಸುತ್ತು ಸರಿ ಇವೆ. ಬೋರ್ಡಿನ ಪಿನ್‌ಗಳಲ್ಲಿ ಒಂದರ ಬುಡದಲ್ಲಿ ಸಾಲ್ಡರ್ ಪೂರ್ತಿ ಬಿಟ್ಟಿದೆ. ಬಹುಶಃ ನಾನು ಬೋರ್ಡ್ ತೆಗೀವಾಗ ಪ್ಲಗ್ ಎಳೆದ ರಭಸಕ್ಕೆ ಇದ್ದ ಬಿರುಕು ಪೂರ್ತಿ ಕಿತ್ತಿರಬೇಕು. ಎಲ್ಲ ಪಿನ್‌ಗೂ ಹೊಸ ಸಾಲ್ಡರ್ ಹಾಕಿದೆ.

ಚಿತ್ರ ಬಂತು! ಪೂರ್ತಿ ಪರದೆ. ಪಿಂಕ್ ಬಣ್ಣದ ಗೋಡೆ, ಕೆಂಪು ರಿಬ್ಬನ್ ಕಟ್ಟಿಕೊಂಡ ಮಿಸ್ ಪ್ಯಾಕ್‌ಮನ್, ನಾಲ್ಕು ಭೂತಗಳು. ಮಗಳು ಕುರ್ಚಿ ಎಳೆದುಕೊಂಡು ಕೂತಾಗಿದೆ. ಈಗ ಉಳಿದಿರೋದು ಎರಡು. ಬಲ ಅಂಚಿನಲ್ಲಿ ಚಿತ್ರ ತನ್ನ ಮೇಲೇ ಮಡಚಿಕೊಂಡಿದೆ, ಒಂದು ಬೆರಳಿನಷ್ಟು ಅಗಲ. ಆ ಹಳೇ ಅಲೆಯೂ ಹಾಗೇ ಇದೆ.

ಹುಬ್ಬಳ್ಳಿ ಟಿವಿ ಅಂಗಡಿ:
ಭಾಳ ಸಂತೋಷ ಆತ್ರಿ. ಬಲಗಡೆ ಮಡಚೋದು ಅಂದ್ರ ಟ್ಯೂಬಿನ ಲೆಕ್ಕದಾಗ ಮ್ಯಾಲೆ ಇಲ್ಲಾ ಕೆಳಗ, ಅಂದ್ರ ಮತ್ತ ವರ್ಟಿಕಲ್. ಆ ಭಾಗದ ಎಲೆಕ್ಟ್ರೋಲೈಟಿಕ್ ಕಂಡೆನ್ಸರ್, ನೀವು ಕೆಪಾಸಿಟರ್ ಅಂತೀರಲ್ಲ ಅವು, ಒಣಗ್ಯಾವು. ಅಲೆ ಆಡೋದು ದೊಡ್ಡ ಫಿಲ್ಟರ್ ಕಂಡೆನ್ಸರ್. ಈಗ ಎಲ್ಲಾ ಬದಲಿ ಮಾಡೋ ಹೊತ್ತು ಬಂತು. ಮೊದಲ ಯಾಕ ಬ್ಯಾಡ ಅಂದೆ ಅಂದ್ರ, ಸತ್ತ ಸೆಟ್ಟಿನ್ಯಾಗ ಮೂವತ್ತು ಸಾಮಾನು ಒಮ್ಮೆಲೆ ಬದಲಿ ಮಾಡಿ ಒಂದನ್ನ ಉಲ್ಟಾ ಹಾಕಿದ್ರ, ಹಳೇ ದೋಷ ಯಾವುದು, ನಾವು ಮಾಡಿದ ದೋಷ ಯಾವುದು, ತಿಳಿಯೂದಿಲ್ಲ. ಈಗ ಸೆಟ್ ನಡಿಯಾಕತ್ತೈತಿ. ಏನರ ಕೆಟ್ರ ಈಗ ಮಾಡಿದ್ದರಿಂದನ ಕೆಟ್ಟೈತಿ ಅಂತ ಗೊತ್ತಾಗತೈತಿ.

ಒಂದು ಬಿಚ್ಚೂದು, ಒಂದು ಹಾಕೂದು. ಎರಡು ಒಮ್ಮೆ ಬಿಚ್ಚಬ್ಯಾಡ್ರಿ. ಮೈನಸ್ ಗುರುತಿನ ಪಟ್ಟಿ ಯಾವ ಕಡೆ ಇತ್ತು ಅಂತ ಫೋಟೋ ತಗೀರಿ. 105 ಡಿಗ್ರಿ ಅಂತ ಬರದಿದ್ದು ತಗೋರಿ. ವೋಲ್ಟೇಜ್ ಹೆಚ್ಚಿದ್ರ ನಡೀತೈತಿ, ಕಡಿಮಿ ನಡಿಯಂಗಿಲ್ಲ. ಆರೆಂಟು ಹಾಕಿದ ಮ್ಯಾಲೆ ಸೀರೀಸ್ ಬಲ್ಬಿನ ಮ್ಯಾಲೆ ಒಮ್ಮೆ ಹಚ್ಚಿ ನೋಡಿ ಮುಂದ ಹೋಗ್ರಿ.

ಸಾಲ್ಡರ್ ಹೊಗೆ:
ನೀವು ತರಿಸೋ ಕೆಪಾಸಿಟರ್ ಕಿಟ್ಟಿನಲ್ಲಿ ಪೋಲಾರಿಟಿ (ಪ್ಲಸ್ ಮೈನಸ್ ಗುರುತು) ಇಲ್ಲದ ಕೆಪಾಸಿಟರ್ ಏನಾದರೂ ಬಂದಿದ್ದರೆ ಅದನ್ನು ಬೇರೆ ಇಟ್ಟುಕೊಳ್ಳಿ, ಅದರ ಜಾಗಕ್ಕೆ ಸಾಮಾನ್ಯದ್ದು ಹಾಕಬೇಡಿ.

ಹಾಗೇ ಹಿಂದೆ ಇರೋವಾಗ ಆಟದ ಬೋರ್ಡಿನ ಅಂಚಿನ ಕನೆಕ್ಟರ್ ಒಮ್ಮೆ ನೋಡಿ. ಪ್ಯಾಕ್‌ಮನ್ ಬೋರ್ಡಿಗೆ ಎಸಿಯನ್ನೇ ಕೊಡ್ತಾರೆ, ಡಿಸಿ ಮಾಡೋದು ಬೋರ್ಡಿನ ಮೇಲೆ. ಆ ಕರೆಂಟ್ ಹೋಗೋ ಪಿನ್‌ಗಳು ಕಾದು ಕಾದು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಮುಂದೊಂದು ದಿನ ಆಟ ತಾನೇ ರೀಸೆಟ್ ಆಗೋಕೆ ಶುರುವಾದರೆ ಮಾನಿಟರನ್ನು ಅನುಮಾನಿಸಬೇಡಿ, ಅಲ್ಲಿ ನೋಡಿ.

ಜೆರ್ಸಿ ಕನ್ನಡಿಗ:
ಎರಡು ಸಂಜೆ ಹಿಡೀತು. ಎಲ್ಲ ಕೆಪಾಸಿಟರ್ ಹೊಸದು. ಮಡಚಿಕೆ ಹೋಯಿತು, ಅಲೆ ಹೋಯಿತು. ಗೋಡೆಗಳು ಗೆರೆ ಎಳೆದ ಹಾಗೆ ನೇರ. ಕಪ್ಪು ನಿಜವಾಗಿ ಕಪ್ಪಾಗಿದೆ. ಕನೆಕ್ಟರಿನ ಎರಡು ಪಿನ್ ಕಂದಾಗಿವೆ, ಅದು ಮುಂದಿನ ತಿಂಗಳ ಕೆಲಸ.

ಒಂದು ವಿಷಯ ಕೇಳಬೇಕು. ಮಾನಿಟರ್ ಆರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟರೆ ಗಾಜಿನ ಒಳಗೆ ಚಕ್ರವ್ಯೂಹದ ನೆರಳು ಕಾಣುತ್ತೆ. ಸುಟ್ಟ ಗುರುತು ಅಂತ ಗೊತ್ತು. ಆದರೆ ಅದು ನಮ್ಮ ಆಟದ ಗೋಡೆಗೆ ಹೊಂದುತ್ತಾ ಇಲ್ಲ.

ಸಾಲ್ಡರ್ ಹೊಗೆ:
ಆ ನೆರಳಿನಲ್ಲಿ ಎಡ ಬಲ ಅಂಚಿಗೆ ತೆರೆದುಕೊಳ್ಳೋ ಸುರಂಗದ ದಾರಿಗಳು ಎಷ್ಟು ಸಾಲು ಇವೆ, ಎಣಿಸ್ತೀರಾ?

ಜೆರ್ಸಿ ಕನ್ನಡಿಗ:
ಒಂದೇ ಸಾಲು. ಹೆಚ್ಚುಕಡಿಮೆ ಮಧ್ಯದಲ್ಲಿ.

ಸಾಲ್ಡರ್ ಹೊಗೆ:
ಹಾಗಾದರೆ ನಿಮ್ಮ ಟ್ಯೂಬ್ ಮೊದಲು ಪ್ಯಾಕ್‌ಮನ್ ಆಟದಲ್ಲಿ ದುಡಿದಿದೆ. ನಾಮ್ಕೋ ಕಂಪನಿಯ 1980ರ ಆ ಮೂಲ ಆಟದಲ್ಲಿ ಚಕ್ರವ್ಯೂಹ ಒಂದೇ. ಮೊದಲ ಹಂತದಿಂದ ಕೊನೆತನಕ ಅದೇ ಗೋಡೆ, ಅದೇ ಒಂದು ಜೊತೆ ಸುರಂಗ. ಅಂಗಡಿಯಲ್ಲಿ ಬೆಳಗಿಂದ ರಾತ್ರಿತನಕ ವರ್ಷಗಟ್ಟಲೆ ಹತ್ತಿದ ಕಡೆ ಅದು ಫಾಸ್ಫರ್‌ನಲ್ಲಿ ಅಚ್ಚೊತ್ತಿಬಿಡುತ್ತೆ. ಮಿಸ್ ಪ್ಯಾಕ್‌ಮನ್‌ನಲ್ಲಿ ಚಕ್ರವ್ಯೂಹ ನಾಲ್ಕು. ಎಲ್ಲರೂ ಹೆಚ್ಚು ಆಡೋ ಮೊದಲನೆಯದರಲ್ಲಿ ಎರಡು ಸಾಲು ಸುರಂಗ ಇದೆ. ಹಾಗಾಗಿ ಅದರ ಅಚ್ಚು ಬೇರೆ ಥರ.

ಮಿಸ್ ಪ್ಯಾಕ್‌ಮನ್ ಬೋರ್ಡ್ ಅಂದರೆ ಪ್ಯಾಕ್‌ಮನ್ ಬೋರ್ಡೇ. ಝಡ್80 ಪ್ರೊಸೆಸರ್ ಕೂತಿದ್ದ ಸಾಕೆಟ್ಟಿಗೆ ರಿಬ್ಬನ್ ಕೇಬಲ್ಲಿನಿಂದ ಇನ್ನೊಂದು ಸಣ್ಣ ಬೋರ್ಡ್ ಸೇರಿಸಿರ್ತಾರೆ. ಹಳೇ ಪ್ಯಾಕ್‌ಮನ್ ಇದ್ದವರು ಅದನ್ನೇ ಮಿಸ್ ಪ್ಯಾಕ್‌ಮನ್ ಮಾಡಿಸಿಕೊಳ್ಳೋದು ಆಗ ಇತ್ತು. ನಿಮ್ಮದು ಹಾಗೆ ಬದಲಾದ ಕ್ಯಾಬಿನೆಟ್ಟೋ, ಇಲ್ಲಾ ಯಾರೋ ನಡುವೆ ಮಾನಿಟರ್ ಮಾತ್ರ ಬದಲಿಸಿದರೋ, ಟ್ಯೂಬ್ ನೋಡಿ ಹೇಳೋಕಾಗಲ್ಲ. ಪಕ್ಕದ ಮರದಲ್ಲಿ ಮಿಸ್ ಪ್ಯಾಕ್‌ಮನ್ ಚಿತ್ರದ ಕೆಳಗೆ ಹಳದಿ ಬಣ್ಣ ಇಣುಕುತ್ತಾ ನೋಡಿ, ಪ್ಯಾಕ್‌ಮನ್ ಕ್ಯಾಬಿನೆಟ್ ಹಳದಿ.

ಜೆರ್ಸಿ ಕನ್ನಡಿಗ:
ಹಿಂಬಾಗಿಲ ಹತ್ತಿರ ನೀಲಿ ಬಣ್ಣ ಎದ್ದಿರೋ ಕಡೆ ಹಳದಿ ಇದೆ! ಉಗುರಿನಷ್ಟು ಜಾಗ, ಆದರೆ ಖಂಡಿತ ಹಳದಿ. ಈಗ ಆ ಅಚ್ಚು ಅಳಿಸೋ ಮನಸ್ಸೇ ಇಲ್ಲ.

ಸಾಲ್ಡರ್ ಹೊಗೆ:
ಅಳಿಸೋಕೆ ಆಗೋದೂ ಇಲ್ಲ, ಅದು ಫಾಸ್ಫರ್ ಸವೆದದ್ದು. ಬ್ರೈಟ್‌ನೆಸ್ ಹಿಡಿತದಲ್ಲಿಡಿ, ಆಡದೇ ಇರೋವಾಗ ಆರಿಸಿ. ನಿಮ್ಮ ಮಗಳ ಕಾಲಕ್ಕೂ ಬರುತ್ತೆ.

ಹುಬ್ಬಳ್ಳಿ ಟಿವಿ ಅಂಗಡಿ:
ಬಾಗಲಾ ಮುಚ್ಚೂಕಿಂತ ಮೊದಲ ಒಂದು ಅಳತಿ ಉಳದೈತಿ. ಒಂದು ತಾಸು ಆಡಸ್ರಿ, ಆಮ್ಯಾಲೆ ಬಿ ಪ್ಲಸ್, ಅಂದ್ರ ಲೈನ್ ಭಾಗಕ್ಕ ಹೋಗೋ ಮುಖ್ಯ ಡಿಸಿ ವೋಲ್ಟೇಜ್, ಎಷ್ಟೈತಿ ಹೇಳ್ರಿ. ಹೆಚ್ಚಿದ್ರ ಆನೋಡ್ ವೋಲ್ಟೇಜೂ ಏರತೈತಿ, ಹೊಸ ಟ್ರಾನ್ಸಿಸ್ಟರಿಗೆ ಮತ್ತ ಭಾರ. ಒಂದ ಕೈಲೆ ಅಳೀರಿ, ಮೀಟರಿನ ಕಪ್ಪು ವೈರ್ ಮೊದಲ ಕ್ಲಿಪ್ ಹಾಕಿ ಇಡ್ರಿ.

ಜೆರ್ಸಿ ಕನ್ನಡಿಗ:
ಒಂದು ಗಂಟೆ ಹತ್ತು ನಿಮಿಷ ಆಡಿದ ಮೇಲೆ 124 ವೋಲ್ಟ್ ಇತ್ತು. ಪುಸ್ತಕದಲ್ಲಿ 120 ಇದೆ. ಪ್ರಿಸೆಟ್ ತಿರುಗಿಸಿ 120ಕ್ಕೆ ತಂದೆ, ಇನ್ನೂ ಅರ್ಧ ಗಂಟೆ ಬಿಟ್ಟು ನೋಡಿದೆ, ಅಲ್ಲೇ ನಿಂತಿದೆ. ಆರಿಸಿ ಚಾರ್ಜ್ ಇಳಿಸಿ ಮುಟ್ಟಿದೆ, ಟ್ರಾನ್ಸಿಸ್ಟರ್ ಉಗುರುಬೆಚ್ಚಗಿದೆ.

ಹುಬ್ಬಳ್ಳಿ ಟಿವಿ ಅಂಗಡಿ:
ಹಂಗಾದ್ರ ಬಾಗಲಾ ಮುಚ್ರಿ. ಮಗಳಿಗೆ ಆಡಾಕ ಬಿಡ್ರಿ.

ಕಡಲತಡಿ:
ನನ್ನ ಟ್ರಾನ್ಸ್‌ಫಾರ್ಮರ್ ಬರುವ ಬುಧವಾರ ಕೈಗೆ ಸಿಗುತ್ತದೆ. ಸೀರೀಸ್ ಬಲ್ಬ್ ಈಗಲೇ ಕಟ್ಟಿ ಇಟ್ಟಿದ್ದೇನೆ. ಮೊದಲು ಕುತ್ತಿಗೆ ನೋಡಿ ಇಲ್ಲಿಯೇ ಬರೆಯುತ್ತೇನೆ.